ಅಡಿಕೆ ಬರಹಗಳಿಗೆ ದಾರಿ ಹಾಕಿದ ಕಥೆ

ಹೋದ ವರ್ಷ ಜೂನ್ ಮೊದಲ ವಾರ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗ (ಕಾಯಿ ಕೊಳೆತು ಉದುರುವ ರೋಗ) ಬಾರದಂತೆ ಬೋರ್ಡೋ ಮದ್ದು ಹೊಡೆಸುವ ಗಡಿಬಿಡಿ. ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕಾ, ಬೋರ್ಡೋಗೆ ಸುಣ್ಣ ಎಷ್ಟು ಹಾಕ್ಬೇಕು? ನೀನು ಬರೆದಿದ್ದೆ ಅಂತ ನೆನಪು. ಗೂಗಲ್‌ನಲ್ಲಿ ಹುಡುಕಿದೆ, ಸಿಗ್ಲಿಲ್ಲ."

ಬಾಯಲ್ಲೇ ಹೇಳಿದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಕಸಿವಿಸಿ. ಆ ವಿಷಯವನ್ನು ನನ್ನ ಅಡಿಕೆ ಸೈಟಿನಲ್ಲಿ ಮೂರು ಸಲ ಬರೆದಿದ್ದೆ. ಮೂರು ಬೇರೆ ಬೇರೆ ಮಳೆಗಾಲಗಳಲ್ಲಿ, ಹಿಂದಿನದನ್ನು ನೋಡದೆ. ಬೇಕಾದ ದಿನ ನಮ್ಮ ಮನೆಯವನಿಗೇ ಅದು ಸಿಗಲಿಲ್ಲ.

ಅವತ್ತು ರಾತ್ರಿ, ನಮ್ಮ ಸೈಟು ಗೂಗಲ್ ಹುಡುಕಾಟದಲ್ಲಿ ಹೇಗೆ ಬರುತ್ತಿದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ತೆರೆದು ಕೂತೆ. ಒಂದೇ ಹುಡುಕಾಟಕ್ಕೆ ನನ್ನ ಮೂರೂ ಪುಟಗಳು ಸರದಿ ಹಾಕಿಕೊಂಡಂತೆ ಬಂದು ಹೋಗುತ್ತಿದ್ದವು. ಯಾವುದೂ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬರಹಕ್ಕಂತೂ ಸೈಟಿನ ಬೇರೆ ಯಾವ ಪುಟದಿಂದಲೂ ಲಿಂಕ್ ಇರಲಿಲ್ಲ. ಗೂಗಲ್ ಹೊಸ ಪುಟಗಳನ್ನು ಹೆಚ್ಚಾಗಿ ಕಂಡುಕೊಳ್ಳುವುದೇ ಲಿಂಕ್ ಹಿಡಿದು ನಡೆದು. ಗೂಗಲ್ ಕಟ್ಟಿದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಲಿಂಕ್ ಬಗ್ಗೆ ಇನ್ನೊಂದು ಮಾತು ಹೇಳಿದ್ದರು: ಒಂದು ಪುಟಕ್ಕೆ ಎಷ್ಟು ಮಹತ್ವ ಅನ್ನುವುದು ಅದರ ಕಡೆ ಬರುವ ಲಿಂಕ್‌ಗಳಿಂದ ಗೊತ್ತಾಗುತ್ತದೆ. ಬೇರೆಯವರು ಲಿಂಕ್ ಕೊಡಲಿ ಅಂತ ಕಾಯುತ್ತಿದ್ದ ನಾನು, ನನ್ನ ಬರಹಕ್ಕೆ ನಾನೇ ಕೊಟ್ಟಿರಲಿಲ್ಲ.

ಮಾರನೇ ದಿನ ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ, ಒಂದೊಂದು ಚೀಟಿಯಲ್ಲಿ ಒಂದೊಂದು ಬರಹದ ಹೆಸರು ಬರೆದು ಜಗಲಿಯಲ್ಲಿ ಹರಡಿದೆ. ನಾನು ರೋಗ, ಗೊಬ್ಬರ, ಕೊಯ್ಲು ಅಂತ ಗುಂಪು ಮಾಡುತ್ತಿದ್ದೆ. ಅಪ್ಪ ಕಾಫಿ ಲೋಟ ಹಿಡಿದು ಬಂದು ನಿಂತರು. "ಬೋರ್ಡೋ ಓದಿದವನು ಮುಂದೆ ಏನು ಕೇಳ್ತಾನೆ?" ಅಂದರು. ನಾನು ಯೋಚಿಸುವಷ್ಟರಲ್ಲಿ ಅವರೇ ಹೇಳಿದರು: "ಎರಡನೇ ಸಲ ಯಾವಾಗ ಹೊಡೀಬೇಕು ಅಂತ ಕೇಳ್ತಾನೆ. ಮಳೆ ಬಿಡದಿದ್ರೆ ಏನ್ಮಾಡ್ಲಿ ಅಂತ ಕೇಳ್ತಾನೆ." ಬಗ್ಗಿ, ಕೊಟ್ಟೆ ಕಟ್ಟುವ (ಗೊನೆಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಹೊದಿಸುವ) ಬರಹದ ಚೀಟಿಯನ್ನು ತೆಗೆದು ಬೋರ್ಡೋ ಪಕ್ಕಕ್ಕೆ ಇಟ್ಟರು.

ಈ ಕೆಲಸಕ್ಕೆ ಟಾಪಿಕ್ ಕ್ಲಸ್ಟರ್ ಅಂತ ಹೆಸರಿದೆ. ನಡುವೆ ಒಂದು ದೊಡ್ಡ ಪುಟ, ಸುತ್ತ ಚಿಕ್ಕ ಪುಟಗಳು, ಒಂದರಿಂದ ಒಂದಕ್ಕೆ ಲಿಂಕ್. ಎಲ್ಲ ಕಡೆ ಆ ಚಿತ್ರ ಬರೆದು ತೋರಿಸುತ್ತಾರೆ. ಆದರೆ ಯಾವ ಪುಟದಿಂದ ಯಾವ ಪುಟಕ್ಕೆ ಲಿಂಕ್ ಹಾಕಬೇಕು ಅನ್ನುವುದನ್ನು ನನಗೆ ಹೇಳಿಕೊಟ್ಟಿದ್ದು ಅಪ್ಪನ ಆ ಒಂದು ಪ್ರಶ್ನೆ.

ಕೊಳೆರೋಗದ ಪುಟವನ್ನು ನಡುವೆ ಇಟ್ಟೆ. ಮೂರು ಬೋರ್ಡೋ ಬರಹಗಳನ್ನು ಸೇರಿಸಿ ಒಂದು ಮಾಡಿದೆ, ಹಳೇ ವಿಳಾಸಗಳಿಂದ ಹೊಸದಕ್ಕೆ 301 ರೀಡೈರೆಕ್ಟ್ ಕೊಟ್ಟೆ, ಅಂದರೆ ಹಳೇ ವಿಳಾಸಕ್ಕೆ ಬಂದವರು ತಾನಾಗಿ ಹೊಸ ಪುಟಕ್ಕೆ ಹೋಗುವ ಹಾಗೆ ಮಾಡಿದೆ. "ಇಲ್ಲಿ ಕ್ಲಿಕ್ ಮಾಡಿ" ಅಂತ ಇದ್ದ ಕಡೆಯಲ್ಲೆಲ್ಲ "ಬೋರ್ಡೋ ದ್ರಾವಣ ಮಾಡುವ ವಿಧಾನ" ಅಂತ ಬರೆದೆ. ಲಿಂಕಿನ ಮಾತು ನೋಡಿದರೇ ಆಚೆ ಏನಿದೆ ಅಂತ ಓದುಗರಿಗೂ ಗೊತ್ತಾಗಬೇಕು, ಗೂಗಲ್‌ಗೂ ಗೊತ್ತಾಗಬೇಕು. ನಮ್ಮಲ್ಲಿ ಕೊಳೆ ಅಂದರೆ ಕೆಲವು ಕಡೆ ಮಹಾಳಿ ಅನ್ನುತ್ತಾರೆ. ಆ ಹೆಸರೂ ಪುಟದೊಳಗೆ ಬಂತು.

ಹೊಸ ಬೋರ್ಡೋ ಪುಟಕ್ಕೆ ಜಾಸ್ತಿ ಸಮಯ ಕೊಟ್ಟೆ. ಹಳೆಯ ಮೂರರಲ್ಲೂ ಅಳತೆ ಮಾತ್ರ ಇತ್ತು. ಈ ಸಲ ಪ್ಲಾಸ್ಟಿಕ್ ಡ್ರಮ್ಮಿನ ಪಕ್ಕದಲ್ಲೇ ನಿಂತು ಫೋಟೋ ತೆಗೆದೆ. 50 ಲೀಟರ್ ನೀರಿನಲ್ಲಿ ಕರಗಿದ ಮೈಲುತುತ್ತದ ನೀಲಿ, ಇನ್ನೊಂದರಲ್ಲಿ ಸುಣ್ಣದ ಬಿಳಿ. ನೀಲಿಯನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕದಡಬೇಕು, ಉಲ್ಟಾ ಅಲ್ಲ. ಆಮೇಲೆ ಅಪ್ಪ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ಕೆಂಪು ಲೇಪ ಕೂತಿತ್ತು. ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿದಾಗ ಚಾಕು ಇದ್ದ ಹಾಗೇ ಬಂತು. ಆ ಎರಡು ಚಾಕುಗಳ ಫೋಟೋ ಪಕ್ಕಪಕ್ಕ ಹಾಕಿದೆ. ಅನುಭವ ಅಂದರೆ ಇದೇ ಅಲ್ವಾ? ಗೂಗಲ್ ಕೂಡ ಪುಟಗಳ ಗುಣಮಟ್ಟ ಅಳೆಯುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರಿನಲ್ಲಿ ಅನುಭವ ಅನ್ನುವುದನ್ನು ಸೇರಿಸಿತು.

ಲೆಸ್ಲಿ ಕೋಲ್‌ಮನ್ ಬಗ್ಗೆ ಬರೆದ ಪುಟವೂ ಮೂಲೆಯಲ್ಲಿ ಬಿದ್ದಿತ್ತು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು, 1910ರ ಹೊತ್ತಿಗೇ ಕೊಳೆರೋಗದ ಬಗ್ಗೆ ಕೆಲಸ ಮಾಡಿದ ವಿಜ್ಞಾನಿ ಅವರು. ಅದನ್ನೂ ಕೊಳೆರೋಗದ ಪುಟಕ್ಕೆ ಜೋಡಿಸಿದೆ.

ಈ ನಡುವೆ ಒಬ್ಬರು ಫೋನ್ ಮಾಡಿ, ದುಡ್ಡು ಕೊಟ್ಟರೆ ಬೇರೆ ಸೈಟುಗಳಿಂದ ಲಿಂಕ್ ಹಾಕಿಸಿ ಡೊಮೈನ್ ಅಥಾರಿಟಿ (ಸೈಟಿನ ಬಲ ತೋರಿಸುವ ಅಂಕಿ) ಏರಿಸಿಕೊಡುತ್ತೇವೆ ಅಂದರು. ಆ ಅಂಕಿ ಮಾಜ್ ಅನ್ನುವ ಕಂಪನಿಯದು, ಗೂಗಲ್ ಅದನ್ನು ಬಳಸುವುದಿಲ್ಲ. ರ‍್ಯಾಂಕಿಗಾಗಿ ಲಿಂಕ್ ಕೊಳ್ಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬೇಡ ಅಂದೆ.

ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ದೀಪಾವಳಿ ಕಳೆದ ಮೇಲೆ ಬೋರ್ಡೋ ಪುಟ ನಿಧಾನಕ್ಕೆ ಮೇಲೆ ಬಂತು. ಅದನ್ನು ಓದಿದವರು ಕೊಟ್ಟೆಯ ಪುಟಕ್ಕೆ ಹೋಗುತ್ತಿದ್ದಾರೆ. ಅಪ್ಪ ಹೇಳಿದ ದಾರಿಯಲ್ಲೇ.

ಈಗ ಹಿಡಿಮುಂಡಿಗೆಯ (ಅಡಿಕೆ ಮರದ ಎಲೆ ಗಿಡ್ಡವಾಗಿ ಮುದುಡುವ ತೊಂದರೆ) ಚೀಟಿಗಳು ಜಗಲಿಯಲ್ಲಿವೆ. ನೀರು ಬಸಿಯದ ತೋಟದಲ್ಲಿ ಅದರ ಕಾಟ ಜಾಸ್ತಿ, ಹಾಗಾಗಿ ಬಸಿಗಾಲುವೆಯ ಬರಹ ಕೊಳೆಗೂ ಬೇಕು, ಇದಕ್ಕೂ ಬೇಕು. ಆ ಬರಹ ತೀರಾ ಚಿಕ್ಕದು, ಒಂದು ಫೋಟೋನೂ ಇಲ್ಲ. ಭಾನುವಾರ ಕೆಳಗಿನ ತೋಟದ ಕಾಲುವೆ ಹೂಳು ತೆಗೆಸುತ್ತಿದ್ದೇವೆ. ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೋ ತೆಗೆಯಬೇಕು.