ಇದರಲ್ಲಿ ನೀನು ಮಾಡಿದ್ದು ಯಾವುದು?

12 ನವೆಂಬರ್ 2025, ಬುಧವಾರ
ರಾತ್ರಿ 11.40

ಇವತ್ತು ಕೊನೆಗೂ ಅಕ್ಕನಿಗೆ ಪೋರ್ಟ್‌ಫೋಲಿಯೋ ತೋರಿಸಿದೆ, ನಾನು ಮಾಡಿದ ಡಿಸೈನ್ ಕೆಲಸಗಳನ್ನೆಲ್ಲ ಒಟ್ಟಿಗೆ ಹಾಕಿರುವ ವೆಬ್ ಪೇಜ್. ಒಂದು ತಿಂಗಳಿಂದ ನಾಳೆ, ನಾಳಿದ್ದು ಅಂತ ತಳ್ಳುತ್ತಾ ಬಂದಿದ್ದೆ. ಸೋಮವಾರ ಇಂಟರ್‌ವ್ಯೂ. ಇನ್ನು ತಳ್ಳೋಕೆ ದಿನಗಳೇ ಉಳಿದಿಲ್ಲ.

ಲ್ಯಾಪ್‌ಟಾಪ್ ತೆರೆದು ರೆಡಿ ಮಾಡಿಟ್ಟಿದ್ದೆ. ಅವರು ಅದರ ಕಡೆ ನೋಡಲೇ ಇಲ್ಲ. "ಲಿಂಕ್ ಕಳಿಸು" ಅಂತ ತಮ್ಮ ಫೋನಿನಲ್ಲಿ ತೆರೆದರು. ಮೌಸ್ ತಾಗಿಸಿದರೆ ಅರಳಲಿ ಅಂತ ಎರಡು ರಾತ್ರಿ ಕೂತು ಮಾಡಿದ್ದ ಚಿತ್ರಗಳು ಅಲ್ಲಿ ಅರಳಲಿಲ್ಲ. ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ನನ್ನ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

9 ಪ್ರಾಜೆಕ್ಟ್ ಹಾಕಿದ್ದೆ. ಅಕ್ಕ ಸರಸರ ಎಳೆದುಕೊಂಡು ಹೋಗಿ, ಮಾತ್ರೆ ನೆನಪಿಸುವ ಆ್ಯಪ್ ಹತ್ರ ನಿಂತರು. ಪೂರ್ತಿ ಓದಿದರು. ಆಮೇಲೆ ಕೇಳಿದರು.

"ಇದರಲ್ಲಿ ನೀನು ಮಾಡಿದ್ದು ಯಾವುದು?"

ಪೇಜಿನ ತುಂಬಾ 'ನಾವು' ಅಂತಲೇ ಬರೆದಿದ್ದೆ. ನಾವು ಜನರನ್ನು ಮಾತಾಡಿಸಿದೆವು, ನಾವು ಸ್ಕೆಚ್ ಹಾಕಿದೆವು, ನಾವು ಪರೀಕ್ಷೆ ಮಾಡಿದೆವು. ಟೀಮಿನಲ್ಲಿ ನಾಲ್ಕು ಜನ ಇದ್ದೆವಲ್ಲ, 'ನಾನು' ಅಂತ ಬರೆದರೆ ಉಳಿದ ಮೂವರ ಕೆಲಸ ಕದ್ದ ಹಾಗಾಗುತ್ತೆ ಅನ್ನೋದು ನನ್ನ ಭಯ. ಅದನ್ನೇ ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಅನ್ಸುತ್ತೆ.

"ಒಳ್ಳೇದೇ. ಯಾರು ಏನು ಮಾಡಿದರು ಅಂತ ಮೊದಲ ಸಾಲಲ್ಲೇ ಬರಿ. ಆಮೇಲೆ ನಿನ್ನ ಭಾಗ ಹೇಳು. ಕೆಲಸಕ್ಕೆ ತಗೊಳ್ಳೋರು ನಿನ್ನೊಬ್ಬನನ್ನ ತಾನೇ? ನೀನು ಹೇಗೆ ಯೋಚಿಸ್ತೀಯ ಅಂತ ಅವರಿಗೆ ಗೊತ್ತಾಗೋದು ಬೇಡ್ವಾ?"

ಆಮೇಲೆ ಇನ್ನೊಂದು. "5 ಜನರ ಹತ್ರ ಪರೀಕ್ಷೆ ಮಾಡಿದೆವು ಅಂತ ಬರೆದಿದ್ದೀಯ. ಆ ಐದು ಜನ ಏನಂದ್ರು?"

ವೆಬ್‌ಸೈಟ್, ಆ್ಯಪ್‌ಗಳು ಬಳಸೋಕೆ ಸುಲಭವೇ ಅಂತ ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರಲ್ಲ, ಪರೀಕ್ಷೆಯ ಒಂದು ಸುತ್ತಿಗೆ ಐದು ಜನ ಸಾಕು, ಹೆಚ್ಚಿನ ತೊಂದರೆಗಳು ಅಷ್ಟರಲ್ಲೇ ಸಿಗುತ್ತವೆ ಅಂತ. ಅದನ್ನು ಓದಿಕೊಂಡು ಐದು ಜನರನ್ನು ಹುಡುಕಿದ್ದು ನಿಜ. ಆದರೆ ಅವರು ಹೇಳಿದ ಪ್ರಕಾರ ತಿದ್ದಬೇಕು, ತಿದ್ದಿ ಮತ್ತೆ ಐದು ಜನರಿಗೆ ತೋರಿಸಬೇಕು. ನಾವು ಒಂದೇ ಸುತ್ತಿಗೆ ನಿಲ್ಲಿಸಿದ್ದೆವು. ಪೇಜಿನಲ್ಲಿ ಆ ಐದು ಜನರ ಒಂದು ಮಾತೂ ಇಲ್ಲ.

ಆಗ ಹಳೇ ಸ್ಕ್ರೀನಿನ ವಿಷಯ ಬಾಯಿಗೆ ಬಂತು. ಮೊದಲ ಆವೃತ್ತಿಯಲ್ಲಿ ಮಾತ್ರೆ ತಗೊಂಡ ಮೇಲೆ ಬೆರಳಿನಿಂದ ಪಕ್ಕಕ್ಕೆ ಸರಿಸಬೇಕಿತ್ತು. ಪರೀಕ್ಷೆಗೆ ಕೂತಿದ್ದ ಅಜ್ಜಿ ಒಬ್ಬರು ಸರಿಸಲೇ ಇಲ್ಲ. ಸರಿಸಿದರೆ ಮಾತ್ರೆಯೇ ಪಟ್ಟಿಯಿಂದ ಅಳಿಸಿ ಹೋಗುತ್ತೆ ಅಂತ ಅವರ ಹೆದರಿಕೆ. ಅವತ್ತು ಸಂಜೆ ನಾನೇ ಅದನ್ನು ತೆಗೆದು ಅಗಲವಾದ ಬಟನ್ ಇಟ್ಟು, ಮೇಲೆ 'ಮಾತ್ರೆ ತಗೊಂಡೆ' ಅಂತ ಬರೆದೆ.

"ಇದು ಎಲ್ಲಿದೆ ಇಲ್ಲಿ?" ಅಂದರು ಅಕ್ಕ.

ಇಲ್ಲ. ಆ ಹಳೇ ಸ್ಕ್ರೀನ್ ನೋಡೋಕೆ ಚೆನ್ನಾಗಿರಲಿಲ್ಲ ಅಂತ ಹಾಕಿರಲಿಲ್ಲ.

ಅವರು ಮುಂದೇನೂ ಹೇಳಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಬಟನ್ ನನಗೆ ತೋರಿಸಿದರು. 'ಮಾತ್ರೆ'ಯ ತ್ರೆ ಇದೆಯಲ್ಲ, ಅದರ ಕೆಳಗಿನ ಒತ್ತು ಬಟನ್ನಿನ ಅಂಚಿಗೆ ತಾಗಿ ಅರ್ಧ ಕತ್ತರಿಸಿ ಹೋಗಿದೆ. ಇಂಗ್ಲಿಷ್ ಅಕ್ಷರಕ್ಕೆ ಇಟ್ಟ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಬಿಟ್ಟಿದ್ದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು ಅಂತ ಹುಟ್ಟಿದಾಗಿನಿಂದ ಕನ್ನಡ ಓದುವ ನನಗೆ ಹೊಳೆಯಲಿಲ್ಲ. ಆರು ತಿಂಗಳು ದಿನಾ ನೋಡಿದ ಚಿತ್ರ ಅದು.

ತುಂಬಾ ಬೇಜಾರಾಯಿತು. ಮನೆಗೆ ಬಂದು ಒಂದು ಗಂಟೆ ಸುಮ್ನೆ ಕೂತೆ. ಅಕ್ಕನ ಮೇಲೂ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಇಷ್ಟು ದಿನದ ಕೆಲಸದಲ್ಲಿ ಚೆನ್ನಾಗಿರೋದು ಒಂದೂ ಕಾಣಲಿಲ್ವಾ ಅಂತ. ಆಮೇಲೆ ನೆನಪಾಯಿತು. ಹೊರಡುವಾಗ ಬಾಗಿಲ ಹತ್ರ, "ಆ ಅಜ್ಜಿ ಕಥೆ ಚೆನ್ನಾಗಿದೆ ಕಣೋ, ಅದನ್ನ ಮೇಲೆ ತಾ" ಅಂದಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಈಗ ಐದು ಪ್ರಾಜೆಕ್ಟ್ ತೆಗೆದೆ. ನಾಲ್ಕು ಉಳಿದಿವೆ. ಕಾಲೇಜಿನ ಪೋಸ್ಟರ್ ತೆಗೆಯುವಾಗ ಮಾತ್ರ ಕೈ ತಡೆಯಿತು.

ವಿವರಣೆಯ ಅಕ್ಷರಗಳ ಬೂದು ಬಣ್ಣವನ್ನೂ ಅಳೆದು ನೋಡಿದೆ. ಬಿಳಿಯ ಮೇಲೆ 999999 ಅನ್ನೋ ಕೋಡಿನ ಬೂದು, ಕಾಂಟ್ರಾಸ್ಟ್ ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ 2.85 ಅಷ್ಟೇ. ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಬೇಕು. 767676 ಇಟ್ಟೆ, 4.54 ಬಂತು. ಅಂಚಿನಲ್ಲಿ ಪಾಸು. ಆದರೆ ಮಾತ್ರೆ ತಗೊಳ್ಳೋರಲ್ಲಿ ವಯಸ್ಸಾದವರೇ ಜಾಸ್ತಿ ಅಲ್ವಾ, ಅವರಿಗೆ ಅಂಚಿನ ಪಾಸು ಯಾಕೆ? 595959ಕ್ಕೆ ಇಳಿಸಿದೆ. ಈಗ 7 ದಾಟಿತು. ಪೇಜ್ ಮೊದಲಿನಷ್ಟು ನಾಜೂಕಾಗಿ ಕಾಣುತ್ತಿಲ್ಲ, ಆದರೆ ಲ್ಯಾಪ್‌ಟಾಪಿನಿಂದ ಎರಡು ಹೆಜ್ಜೆ ಹಿಂದೆ ನಿಂತು ಓದಿದೆ, ಓದಲಿಕ್ಕಾಯಿತು.

'ನಾವು' ಇರುವ ಕಡೆಯೆಲ್ಲ ಒಂದೊಂದಾಗಿ ನೋಡುತ್ತಿದ್ದೇನೆ. ಕೆಲವು ಕಡೆ 'ನಾವು' ಅಂತಲೇ ಇರಬೇಕು, ಬದಲಿಸಿದರೆ ಸುಳ್ಳಾಗುತ್ತೆ. ಕೆಲವು ಕಡೆ ಯಾರು ಮಾಡಿದ್ದು ಅಂತ ನನಗೇ ನೆನಪಿಲ್ಲ. ನಾಳೆ ಮೂವರಿಗೂ ಫೋನ್ ಮಾಡಿ ಕೇಳಬೇಕು.

ಅಜ್ಜಿ ಅವತ್ತು ಇನ್ನೂ ಏನೋ ಹೇಳಿದ್ದರು. ಫೋನ್ ನನ್ನ ಕೈಗೆ ವಾಪಸ್ ಕೊಡುತ್ತಾ, ಮಗನ ವಿಷಯ ಏನೋ. ಬರೆದುಕೊಂಡಿದ್ದೆ. ಆ ನೀಲಿ ರಟ್ಟಿನ ಪುಸ್ತಕ ಕಪಾಟಿನ ಮೇಲೆ ಇರಬೇಕು, ಸ್ಟೂಲ್ ತಂದು