ಒಲೆ ಹಚ್ಚದ ಯುಗಾದಿ

"ಏನವ್ವ ಇದು, ವರ್ಷದ ಮೊದಲ ಹಬ್ಬದ ದಿವಸ ಒಲೆ ಹಚ್ಚಂಗಿಲ್ವಂತಾ? ಇದ್ಯಾವ ಸೀಮೆ ಊರು?"

ಅತ್ತೆ ಕೇಳಿದಾಗ ನಾನು ನನ್ನವರ ಮುಖ ನೋಡಿದೆ, ಅವರು ಗದ್ದೆ ಕಡೆ ನೋಡಿದರು. ತಪ್ಪು ನಮ್ಮದೇ. ಕೆಲಸದ ಮೇಲೆ ಇಂಡೊನೇಷ್ಯಾದ ಜಾವಾ ದ್ವೀಪದ ಸುರಬಯಾಕ್ಕೆ ಬಂದು ಏಳು ತಿಂಗಳಾಗಿತ್ತು. 2023ರ ಮಾರ್ಚ್ 22, 23 ಎರಡು ದಿನ ರಜೆ, ಮಂಡ್ಯದಿಂದ ಅತ್ತೆ ಬೇರೆ ಬಂದಿದ್ದಾರೆ, ಯುಗಾದಿಯನ್ನು ಬಾಲಿಯ ಹಳ್ಳಿಯೊಂದರಲ್ಲೇ ಮಾಡೋಣ ಅಂತ ಹೊರಟುಬಿಟ್ಟೆವು. ಆ ರಜೆ ನ್ಯೆಪಿಯದು, ನ್ಯೆಪಿ ಬಾಲಿಯವರ ಹೊಸ ವರ್ಷ ಅಂತ ಗೊತ್ತಿತ್ತು. ಆ ದಿನ ಬೆಂಕಿ, ದೀಪ, ಕೆಲಸ, ಓಡಾಟ, ಮೋಜು ಯಾವುದೂ ಇಲ್ಲದೆ ಇಡೀ ದ್ವೀಪ ಬಾಗಿಲು ಹಾಕಿಕೊಂಡು ಕೂರುತ್ತದೆ ಅನ್ನೋದನ್ನೂ ಕೇಳಿದ್ದೆವು. ಪ್ರವಾಸಿಗರಿಗೆ ಹೇಳುವ ಕಥೆ ಅಂದುಕೊಂಡಿದ್ದೆವು, ಅಷ್ಟೆ.

ಊರು ಜತಿಲುವಿಹ್. ತಬಾನಾನ್ ಜಿಲ್ಲೆಯಲ್ಲಿ, ಬಟುಕರು ಬೆಟ್ಟದ ಇಳಿಜಾರಿಗೆ, ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. 300 ಹೆಕ್ಟೇರಿಗೂ ಮಿಕ್ಕಿದ ಗದ್ದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಾವಿದ್ದದ್ದು ಒಬ್ಬ ರೈತರ ಮನೆಯಲ್ಲಿ. ಯಜಮಾನರನ್ನು 'ಬಾಪಾ', ಮನೆಯಾಕೆಯನ್ನು 'ಇಬು' ಅಂತಿದ್ದೆವು, ಅಪ್ಪ, ಅಮ್ಮ ಅಂದ ಹಾಗೆ. ಹೆಸರು ಹಿಡಿದು ಕರೆದರೆ ಅರ್ಧ ಊರೇ ತಿರುಗಿ ನೋಡೀತು. ಮೊದಲ ಮಗು ವಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್, ಐದನೆಯದು ಹುಟ್ಟಿದರೆ ಮತ್ತೆ ವಯಾನ್!

ಅತ್ತೆಯ ಮುನಿಸು ಇಳಿದದ್ದು ಗದ್ದೆಯ ಬದುವಿನ ಮೇಲೆ. ಕಾಲುವೆಗೆ ಅಡ್ಡಲಾಗಿ ಒಂದು ಮರದ ದಿಮ್ಮಿ, ಅದರಲ್ಲಿ ಕೊರೆದ ಕಚ್ಚುಗಳು, ಒಂದೊಂದು ಕಚ್ಚಿನಿಂದ ಒಂದೊಂದು ಕಡೆಗೆ ನೀರು. ತೆಂಬುಕು ಅಂತ ಅದರ ಹೆಸರು. ಕಚ್ಚಿನ ಅಗಲ ಎಷ್ಟೋ ಆ ಕಡೆಯ ಗದ್ದೆಗಳ ಪಾಲು ಅಷ್ಟು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಗದ್ದೆಗೆ ನಲವತ್ತು ವರ್ಷ ರಾತ್ರಿ ನೀರು ಕಾದ ಹೆಂಗಸು ಅವರು. ಕುಕ್ಕರಗಾಲಲ್ಲಿ ಕೂತು ಕಚ್ಚಿಗೆ ಬೆರಳಿಟ್ಟು ಗೇಣು ಅಳೆದರು. "ತೂಬಿನ ಕಲ್ಲು ಎತ್ತಾಕಕ್ಕೆ ಆಗಕ್ಕಿಲ್ಲ ಬುಡು" ಅಂದರು, ಮೆಚ್ಚಿಗೆಯಿಂದ.

ನೀರು ಹಂಚುವ ಈ ರೈತರ ಕೂಟಕ್ಕೆ ಸುಬಕ್ ಅನ್ನುತ್ತಾರೆ. ಒಂಬತ್ತನೇ ಶತಮಾನದಿಂದ ನಡೆದು ಬಂದದ್ದಂತೆ. ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಏರ್ಪಾಡನ್ನೇ, ಅದರ ಗದ್ದೆಗಳನ್ನೂ ನೀರಿನ ಗುಡಿಗಳನ್ನೂ ಒಟ್ಟಿಗೆ. ಕೂಟದ ಮುಖ್ಯಸ್ಥ ಪೆಕಾಸೆ. "ಅಂದ್ರೆ ನೀರುಗಂಟಿ" ಅಂದರು ಅತ್ತೆ. ನಮ್ಮ ಕೆರೆಗಳ ನೀರುಗಂಟಿತನ ಮನೆತನದಿಂದ ಬರುತ್ತಿತ್ತು, ಇಲ್ಲಿ ರೈತರೇ ಆರಿಸುತ್ತಾರೆ ಅಂದೆ. "ಅದ್ಕೇ ಜಗಳ ಕಮ್ಮಿ" ಅಂದರು. ಆರಿಸಿದ ಕಡೆ ಜಗಳ ಕಮ್ಮಿ ಅನ್ನೋದನ್ನು ನಮ್ಮ ಪಂಚಾಯಿತಿ ಚುನಾವಣೆ ಕಂಡ ನಾನು ಒಪ್ಪಲಾರೆ, ಆದರೂ ಸುಮ್ಮನಿದ್ದೆ.

ಹಿಂದಿನ ಸಂಜೆ ಊರಿಗೆ ಊರೇ ಗದ್ದಲ. ಹುಡುಗರು ತಿಂಗಳುಗಟ್ಟಲೆ ಕೂತು ಕಟ್ಟಿದ್ದ ಓಗೊ ಓಗೊ ಅನ್ನುವ ಭೂತದ ಬೊಂಬೆಗಳು, ಕೋರೆಹಲ್ಲು, ಜೋತುಬಿದ್ದ ಮೊಲೆ, ಗುಡ್ಡೆಗಣ್ಣು, ಬಿದಿರಿನ ಅಟ್ಟಣೆ ಮೇಲೆ ಹೊರಟವು. ನಾಲ್ಕು ದಾರಿ ಕೂಡುವಲ್ಲಿ ಮೂರು ಸುತ್ತು ಸುತ್ತಿಸಿದರು. ಮನೆಮನೆಯಲ್ಲೂ ಪಂಜು ಹಿಡಿದು, ಪಾತ್ರೆ ಬಡಿದು, ಮೂಲೆ ಮೂಲೆಯಿಂದ ಪೀಡೆ ಅಟ್ಟಿದರು. ಎಂಟು ವರ್ಷದ ನನ್ನ ಮಗ ಇಬುವಿನ ಬಾಣಲೆಯೊಂದನ್ನು ಬಡಿದು ನೆಗ್ಗಿಸಿಯೇ ಬಿಟ್ಟ. "ನಮ್ಮೂರಲ್ಲಿ ಮಾರಿ ಓಡ್ಸಿದಂಗೇ" ಅಂದ ಅತ್ತೆ, ತಾವೂ ಒಂದು ಸೌಟು ತಗೊಂಡರು. ಎಬ್ಬಿಸಿದ ಭೂತಗಳು ಮರುದಿನ ಬಂದು ನೋಡಿದರೆ ದೀಪವಿಲ್ಲ, ಸದ್ದಿಲ್ಲ. ಇಲ್ಲಿ ಯಾರೂ ಇಲ್ಲ ಅಂದುಕೊಂಡು ದ್ವೀಪ ದಾಟಿ ಹೋಗುತ್ತವೆ ಅಂತ ಬಾಪಾ ಹೇಳಿದರು.

ನ್ಯೆಪಿ ಹಿಡಿಯುವುದು ಬೆಳಗ್ಗೆ ಆರಕ್ಕೆ. ಅಂದರೆ ಆರರವರೆಗೆ ಒಲೆ ನಮ್ಮದು! ಅತ್ತೆ ಮೂರೂವರೆಗೇ ಎಬ್ಬಿಸಿದರು. ಹರಳೆಣ್ಣೆ ಇರಲಿಲ್ಲ. ಇಬುವಿನ ಮನೆಯ ಕೊಬ್ಬರಿ ಎಣ್ಣೆಯನ್ನೇ ಮಗನ ನೆತ್ತಿಗೆ ತಟ್ಟಿ ತಟ್ಟಿ ಇಳಿಸಿದರು. ಒಂದು ಕಡೆ ನೀರು ಕಾಯುತ್ತಿತ್ತು, ಇನ್ನೊಂದು ಕಡೆ ಹೂರಣ. ತೊಗರಿಬೇಳೆ ಸಿಗದ್ದರಿಂದ ಕಾಯಿ ಹೋಳಿಗೆ. ತುರಿದ ತೆಂಗಿನಕಾಯಿಗೆ ಅಲ್ಲಿಯ ಮರದ ಬೆಲ್ಲ ಹಾಕಿ ಕೆದಕುತ್ತಿದ್ದರೆ ಇಬು ಬಂದು ಬಗ್ಗಿ ನೋಡಿ, ಚಿಟಿಕೆ ಬಾಯಿಗೆ ಹಾಕಿಕೊಂಡು, "ಉಂತಿ!" ಅಂದರು. ಅವರ ಸಿಹಿತಿಂಡಿಗಳ ಒಳಗೆ ತುಂಬುವುದೂ ಇದೇ ಅಂತೆ, ಹೆಸರು ಮಾತ್ರ ಬೇರೆ. ಕಣಕ ಮಾತ್ರ ಅವರಿಗೆ ಹೊಸದು. ಅರಿಸಿನ ಬೆರೆಸಿ ಎಣ್ಣೆಯಲ್ಲಿ ನೆನೆಸಿದ ಮೈದಾ ಬಾಳೆಲೆ ಮೇಲೆ ಹರಿಯದೆ ಅಗಲವಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

ಮೊದಲ ಹೋಳಿಗೆ ಕಾವಲಿಯಿಂದ ಇಳಿದದ್ದೇ ತಡ, ಇಬು ಅದರ ಒಂದು ಚೂರು ಮುರಿದು, ಅಂಗೈಯಲ್ಲಿ ಕಾಲು ಭಾಗದಷ್ಟು ಬಾಳೆಲೆ ತುಂಡಿನ ಮೇಲೆ ಚಿಟಿಕೆ ಅನ್ನದ ಪಕ್ಕದಲ್ಲಿಟ್ಟು, ಒಲೆಯ ಬಳಿ ಇರಿಸಿದರು. ದಿನಾ ಅಡುಗೆ ಆದ ಮೇಲೆ, ಯಾರೂ ಉಣ್ಣುವ ಮೊದಲು, ಒಲೆಗೆ, ನೀರಿಗೆ, ಬಾಗಿಲಿಗೆ ಹೀಗೆ ಇಡುವ ರೂಢಿ ಅವರದು. ಅತ್ತೆ ನನ್ನ ಕಡೆ ತಿರುಗಿ, "ನಮ್ಮವ್ವನೂ ಒಲೆಗೆ ಮೊದಲ ತುತ್ತು ಇಡ್ತಿದ್ಲು. ನಾನೇ ಬುಟ್ಟುಬುಟ್ಟೆ, ಗ್ಯಾಸು ಬಂದ ಮ್ಯಾಲೆ" ಅಂದರು.

ಬೇವಿನದ್ದು ಬೇರೆಯೇ ಪಾಡು. ಮಳೆ ಹೆಚ್ಚಿರುವ ಆ ಎತ್ತರದಲ್ಲಿ ಬೇವಿನ ಮರ ನಮಗೆ ಸಿಗಲಿಲ್ಲ. ಪುಣ್ಯಕ್ಕೆ ದೋಣಿ ಇಳಿದು ಬರುವ ದಾರಿಯಲ್ಲಿ, ಗಿಲಿಮಾನುಕ್ ಕಡೆಯ ಒಣಭೂಮಿಯಲ್ಲಿ, ಅತ್ತೆಯೇ ಮರ ಗುರುತಿಸಿ ಕಾರು ನಿಲ್ಲಿಸಿದ್ದರು. ಬಾಲಿಯವರು ಅದಕ್ಕೆ ಇಂತಾರನ್ ಅನ್ನುತ್ತಾರೆ. ಹೂವಿರಲಿಲ್ಲ, ಚಿಗುರು ಮಾತ್ರ, ಅದೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಡಿತ್ತು. ಬೇವುಬೆಲ್ಲ ತಿಂದ ಬಾಪಾ ಮುಖ ಕಿವುಚಿದರು, ಆಮೇಲೆ ಇನ್ನೊಂದು ಚೂರು ಬೆಲ್ಲ ಕೇಳಿದರು. ಐದು ಐವತ್ತಕ್ಕೆ ಒಲೆ ಆರಿತು.

ಆಮೇಲೆ ಇಪ್ಪತ್ನಾಲ್ಕು ತಾಸು. ವಿಮಾನ ನಿಲ್ದಾಣ ಮುಚ್ಚಿತ್ತು, ದೋಣಿ ನಿಂತಿತ್ತು, ಮೊಬೈಲ್ ಇಂಟರ್ನೆಟ್ಟೂ ಕಡಿತ. ಊರಿಗೆ ಶುಭಾಶಯ ಕಳಿಸುವ ಹಾಗಿಲ್ಲ. ಕಪ್ಪುಬಿಳುಪು ಚೌಕುಳಿ ಬಟ್ಟೆ ಸೊಂಟಕ್ಕೆ ಸುತ್ತಿದ ಪೆಚಲಾಂಗ್ ಕಾವಲುಗಾರರು ಆಗಾಗ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರು, ಬೇರೆ ನರಪಿಳ್ಳೆ ಇಲ್ಲ. ಗದ್ದೆಯಿಂದ ಗದ್ದೆಗೆ ನೀರು ಇಳಿಯುವ ಸದ್ದು ಹಿಂದಿನ ದಿನವೂ ಇದ್ದಿರಬೇಕು, ಕೇಳಿಸಿದ್ದು ಅವತ್ತೇ. ಮಗ ಹತ್ತು ಗಂಟೆಗೇ "ಅಮ್ಮಾ, ಬೋರು" ಅಂದ. ಸುಳ್ಳೇಕೆ, ನನಗೂ ಆಗಿತ್ತು. ತಣ್ಣನೆ ಹೋಳಿಗೆಗೆ ತುಪ್ಪ ಹೆರೆದು ಹಚ್ಚಿಕೊಂಡು ತಿಂದು ಮಲಗಿದೆವು.

ಮಧ್ಯಾಹ್ನ ಅತ್ತೆ ಚೀಲದಿಂದ ಹೊಸ ಒಂಟಿಕೊಪ್ಪಲ್ ಪಂಚಾಂಗ ತೆಗೆದರು. ಎಲ್ಲಿಗೆ ಹೋದರೂ ಅದೊಂದು ಇರಬೇಕು. ಶೋಭಕೃತ್ ಸಂವತ್ಸರ, ಶಾಲಿವಾಹನ ಶಕ 1945 ಅಂತ ಓದುತ್ತಿದ್ದಂತೆ ಮಗ ಎದ್ದು ಕೂತ. "ಅಜ್ಜಿ, ಆ ನಂಬರ್ ಇಲ್ಲೂ ಇದೆ!" ಊರ ಚಾವಡಿಯಂಥ ಬಂಜಾರ್ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ 1945 ಅಂತ ದೊಡ್ಡದಾಗಿ ಇದ್ದದ್ದನ್ನು ನಾನೂ ನೋಡಿದ್ದೆ. ಇಂಡೊನೇಷ್ಯಾ ಸ್ವಾತಂತ್ರ್ಯ ಘೋಷಿಸಿದ್ದು 1945ರಲ್ಲಿ, ಅದರದ್ದೇನೋ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಅದು ಶಕ ವರ್ಷ. ನಮ್ಮದೇ ಲೆಕ್ಕ, ಅಮಾವಾಸ್ಯೆಯ ಮರುದಿನದ ಅದೇ ಪಾಡ್ಯ. ಪಿಸುಮಾತಿನಲ್ಲಿ ಬಾಪಾಗೆ ತೋರಿಸಿದೆವು. ಕನ್ನಡ ಅಕ್ಷರಗಳ ನಡುವೆ ಬೆರಳು ಆಡಿಸಿ, ತನಗೆ ಓದಲು ಬರುವ ಆ ನಾಲ್ಕು ಅಂಕಿಯ ಮೇಲೆ ನಿಲ್ಲಿಸಿದರು.

ಪ್ರತಿ ವರ್ಷ ಹೀಗೆ ಕೂಡಿ ಬರುವುದಿಲ್ಲ. ಆ ವರ್ಷ ನಮ್ಮಲ್ಲಿ ಅಧಿಕ ಶ್ರಾವಣ ಬಂತು, ಅವರ ಅಧಿಕಮಾಸ ಬೇರೆ ಕಡೆ ಬೀಳುತ್ತದೆ. ಹಾಗಾಗಿ 2024ರಲ್ಲಿ ಅವರ ನ್ಯೆಪಿ ಮಾರ್ಚ್ 11ಕ್ಕೆ, ನಮ್ಮ ಯುಗಾದಿ ಏಪ್ರಿಲ್ 9ಕ್ಕೆ.

ಮರುದಿನ ಬೆಳಗ್ಗೆ ಆರಕ್ಕೆ ಫೋನು ಬಡಬಡ ಬಡಿದುಕೊಂಡಿತು, ಒಂದಿಡೀ ದಿನದ ಬೇವುಬೆಲ್ಲದ ಚಿತ್ರಗಳು. ನಮಗೆ ಅವತ್ತು ಹೊಸತೊಡಕು. ಅವರಿಗೆ ಙೆಂಬಾಕ್ ಗೆನಿ, ಬೆಂಕಿ ಮತ್ತೆ ಹಚ್ಚುವ ದಿನ. ನೆಂಟರಿಷ್ಟರ ಮನೆಗೆ ಹೋಗಿ ತಪ್ಪಾಗಿದ್ದರೆ ಕ್ಷಮಿಸಿ ಅಂತ ಕೇಳುತ್ತಾರೆ. ಇಬು ಕೋಳಿಯ ಲಾವರ್ ಮಾಡಿದ್ದರು, ಸಣ್ಣಗೆ ಕೊಚ್ಚಿದ ಮಾಂಸಕ್ಕೆ ಕಾಯಿತುರಿ, ಮಸಾಲೆ. "ತೊಡಕಿನ ದಿವಸ ಬಾಡು ಸಿಕ್ತಲ್ಲ" ಅಂತ ಅತ್ತೆ ಎರಡು ಸಲ ಬಡಿಸಿಕೊಂಡರು. ಖಾರ ಮಾತ್ರ ಸಾಲದು ಅಂತ ನನ್ನ ಕಿವಿಯಲ್ಲಿ ಹೇಳಿದರು.

ಸಂಜೆ ಮೋಡ ಒಂದಿಷ್ಟು ಸರಿಯಿತು. ಪಡುವಣದಲ್ಲಿ ಬಿದಿಗೆ ಚಂದ್ರ, ಕೆಳಗೆ ಗುರು, ಮೇಲೆ ಶುಕ್ರ. ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಕೈಮುಗಿದರು, ಮಗ ಅವರ ಕಾಲಿಗೆ ಬಿದ್ದ. ಏನು ನೋಡುತ್ತಿದ್ದೇವೆ ಅಂತ ಬಾಪಾ ಪಕ್ಕಕ್ಕೆ ಬಂದು ನಿಂತರು.

"ಬುಲಾನ್" ಅಂದರು.

"ಊಂ, ಚಂದ್ರಪ್ಪ" ಅಂದರು ಅತ್ತೆ.