ಕಾಂಕ್ರೀಟಿಗೆ ಹೊದಿಸಿ ಕಾದ ರಾತ್ರಿ

ಒಂದು ಕರ್ಣ 10 ಮೀಟರ್ 76 ಸೆಂಟಿಮೀಟರ್ ಬಂತು, ಇನ್ನೊಂದು 10 ಮೀಟರ್ 87. ಟೇಪಿನ ಆ ತುದಿ ಹಿಡಿದಿದ್ದ ಗೆಳೆಯ ಏನೂ ಹೇಳದೆ ಮತ್ತೊಮ್ಮೆ ಅಳೆದ. ಅದೇ ಬಂತು. 9 ಮೀಟರ್ ಉದ್ದ, 6 ಮೀಟರ್ ಅಗಲದ ನನ್ನ ಮನೆ ಆಯತವಾಗಿರದೆ ಒಂದು ಕಡೆಗೆ ವಾಲಿದ ಚೌಕಟ್ಟಾಗಿತ್ತು. ಬದಿಗಳು 3, 4, 5ರ ಅಳತೆಯಲ್ಲಿದ್ದರೆ ತ್ರಿಕೋನದ ಒಂದು ಮೂಲೆ ಸರಿಯಾಗಿ ಲಂಬಕೋನವಾಗುತ್ತದೆ. ಹಿಂದಿನ ಸಂಜೆ ಮಬ್ಬುಗತ್ತಲಲ್ಲಿ ಆ 3-4-5ರ ತ್ರಿಕೋನ ಹಿಡಿದು ಮೂಲೆ ಗುರುತಿಸಿದವನು ನಾನೇ. ತ್ರಿಕೋನವನ್ನು ಅಡಿಗಳಲ್ಲಿ ಅಳೆದಿದ್ದೆ, ಮೀಟರುಗಳಲ್ಲಿ ಅಲ್ಲ. ಅಷ್ಟು ಚಿಕ್ಕ ತ್ರಿಕೋನದಲ್ಲಿ ಕಣ್ಣಿಗೆ ಕಾಣದ ತಪ್ಪು 9 ಮೀಟರ್ ದೂರ ಹೋಗುವಷ್ಟರಲ್ಲಿ ಬೆಳೆದು ನಿಲ್ಲುತ್ತದೆ.

ಪುಣ್ಯಕ್ಕೆ ಕೆಳಗಿನ ಕಲ್ಲಿನ ಪಾಯ ಅಗಲವಾಗಿತ್ತು. ಅಚ್ಚಿನ ಹಲಗೆಗಳನ್ನು ಸರಿಸಿ, ಕಂಬಿಯ ಕಟ್ಟುಗಳನ್ನು ಹೊಂದಿಸಿ, ಎರಡೂ ಕರ್ಣಗಳು 10 ಮೀಟರ್ 82ರ ಹತ್ತಿರ ಬರುವ ಹೊತ್ತಿಗೆ ಹನ್ನೊಂದು ಗಂಟೆ ದಾಟಿತ್ತು. ಮಾಗಿಯ ಹಗಲಿನಲ್ಲಿ ಅದು ಸಣ್ಣ ನಷ್ಟವಲ್ಲ. ಐದೂವರೆಗೆ ಕತ್ತಲಾಗುತ್ತಿತ್ತು.

ಚಳಿಗಾಲದಲ್ಲಿ ಮನೆ ಕಟ್ಟಬೇಕೆಂದು ನಾನು ಆರಿಸಿಕೊಂಡದ್ದಲ್ಲ. ಮಳೆಗೆ ಮೊದಲು ಪಾಯ ಮುಗಿದಿತ್ತು, ಆಮೇಲೆ ಕೆಲಸ ನಿಂತಿತ್ತು. ಆರು ಜನ ಗೆಳೆಯರಿಗೆ ಒಟ್ಟಿಗೆ ರಜೆ ಸಿಕ್ಕಿದ್ದು ಈ ಒಂದು ವಾರ ಮಾತ್ರ. ಅವರಲ್ಲಿ ಮರಗೆಲಸ ಬಲ್ಲವನು ಒಬ್ಬ, ಹಿಂದೆ ಒಂದು ಬೇಸಿಗೆಯಿಡೀ ಗಾರೆ ಕಲಸಿದವನು ಇನ್ನೊಬ್ಬ. ಉಳಿದವರು ನನ್ನ ಹಾಗೆಯೇ, ಕರಣೆಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಕೇಳಿ ತಿಳಿದವರು. ನಕ್ಷೆಯನ್ನೂ ಕಂಬಿಯ ಲೆಕ್ಕವನ್ನೂ ಮಾತ್ರ ಎಂಜಿನಿಯರರಿಂದಲೇ ಮಾಡಿಸಿದ್ದೆ. ಅದರಲ್ಲಿ ಸ್ವಂತ ಬುದ್ಧಿ ಓಡಿಸಬಾರದು ಎಂಬುದು ಆಗಲೂ ಈಗಲೂ ನನ್ನ ಖಚಿತ ಅಭಿಪ್ರಾಯ.

ಆ ದಿನದ ಕೆಲಸವೆಂದರೆ ಪಾಯದ ಮೇಲೆ ಸುತ್ತಲೂ ಓಡುವ ಕಾಂಕ್ರೀಟಿನ ತೊಲೆ: 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ, ಒಟ್ಟು 30 ಮೀಟರ್ ಉದ್ದ. ಕಾಗದದ ಮೇಲೆ 1.8 ಘನ ಮೀಟರ್. ತೋಳಿಗೆ ಬಂದಾಗ ನಾಲ್ಕು ಟನ್ನಿಗೂ ಹೆಚ್ಚು. ನಮ್ಮ ಪುಟ್ಟ ಕಲಸುವ ಯಂತ್ರದಲ್ಲಿ ಇಪ್ಪತ್ತು ಸಲ ಆಗಬೇಕು. ನಡುವೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಸರಿಯಾಗಿ ಬೆಸೆಯದ ಸಂದು ಉಳಿಯುತ್ತದೆ. ಶುರು ಮಾಡಿದರೆ ಮುಗಿಸಲೇಬೇಕು.

ಚಳಿಯಲ್ಲಿ ಸಿಮೆಂಟ್ ಕೆಲಸ ಮಾಡುವುದನ್ನು ಬಿಡುವುದಿಲ್ಲ, ನಿಧಾನವಾಗುತ್ತದೆ. ನೀರಿನೊಂದಿಗೆ ಸೇರಿ ಬಿಗಿಗೊಳ್ಳುವಾಗ ಅದೇ ಶಾಖವನ್ನೂ ಹುಟ್ಟಿಸುತ್ತದೆ. ಆದರೆ 5 ಡಿಗ್ರಿಗಿಂತ ಕೆಳಗೆ ಆ ಕ್ರಿಯೆ ತೀರಾ ಮಂದವಾಗುತ್ತದೆ, ಇನ್ನೂ ಕೆಳಗಿಳಿದು ಒಳಗಿನ ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಎಳೆಯ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲ ಒಂದೆರಡು ದಿನ ಕಾಪಾಡಿದರೆ ಮುಂದಿನದನ್ನು ಅದು ತಾನೇ ತಡೆದುಕೊಳ್ಳುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಆದ್ದರಿಂದಲೇ ಹಿಂದಿನ ರಾತ್ರಿ ಪಾಯದ ಮೇಲೆ ಒಣಹುಲ್ಲು ಹರಡಿ ಟಾರ್ಪಾಲಿನ್ ಎಳೆದಿದ್ದೆವು, ತಣ್ಣನೆಯ ಕಲ್ಲಿನ ಮೇಲೆ ಮಂಜುಗಡ್ಡೆ ಕೂರಬಾರದೆಂದು. ದೊಡ್ಡ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಬಿಸಿನೀರನ್ನು ಮೊದಲು ಜಲ್ಲಿ ಮತ್ತು ಮರಳಿನೊಂದಿಗೆ ತಿರುಗಿಸಿ, ಅದರ ಬಿಸಿ ಹಂಚಿಹೋದ ಮೇಲೆ ಸಿಮೆಂಟ್ ಹಾಕಬೇಕು. ಸುಡುನೀರು ನೇರವಾಗಿ ಸಿಮೆಂಟಿಗೆ ತಗುಲಿದರೆ ಅದು ಗಂಟುಗಟ್ಟಿಬಿಡುತ್ತದೆ.

ಹದಿನಾಲ್ಕು ಸಲ ಎಲ್ಲವೂ ಸರಿಯಾಗಿ ನಡೆಯಿತು. ಹದಿನೈದನೆಯದಕ್ಕೆ ಯಂತ್ರ ಒಮ್ಮೆ ಮುಲುಗಿ ನಿಂತಿತು. ಮೋಟಾರು ಬಿಚ್ಚಿ ನೋಡುವಷ್ಟು ಬೆಳಕೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ. ಗಾರೆ ಬಲ್ಲ ಗೆಳೆಯ ತಗಡಿನ ಹಾಳೆಯೊಂದನ್ನು ನೆಲಕ್ಕೆ ಹಾಕಿ, ಸಲಿಕೆ ಎತ್ತಿಕೊಂಡು, ‘ಒಣದಾಗಿ ಮೂರು ಸಲ ಮಗುಚಬೇಕು, ನೀರು ಬಿದ್ದ ಮೇಲೆ ಮತ್ತೆ ಮೂರು ಸಲ’ ಎಂದ. ಕೊನೆಯ ಆರನ್ನು ಕೈಯಿಂದ ಕಲಸಿದೆವು. ಕಾರಿನ ದೀಪದ ಬೆಳಕಿನಲ್ಲಿ ಏಳು ಜನರ ಉಸಿರು ಹೊಗೆಯಾಗಿ ಏಳುತ್ತಿತ್ತು. ಹಂಡೆಯ ಕೆಳಗಿನ ಬೆಂಕಿಯನ್ನು ನೋಡಿಕೊಳ್ಳಲು ಯಾರಿಗೂ ಬಿಡುವಾಗಲಿಲ್ಲ. ಕೊನೆಯ ಎರಡು ಸಲಕ್ಕೆ ಬಿದ್ದದ್ದು ಉಗುರುಬೆಚ್ಚಗಿನ ನೀರು. ಅವೆರಡೂ ಸೇರಿ ಈಶಾನ್ಯದ ಮೂಲೆಯಾಯಿತು.

ಒಬ್ಬ ಗೆಳೆಯ ಹಸಿ ಕಾಂಕ್ರೀಟಿನಲ್ಲಿ ಮೊಣಕಾಲೂರಿ ಮೇಲ್ಮೈ ಸವರುತ್ತಿದ್ದ. ಚಳಿಗೆ ಮರಗಟ್ಟಿದ ಚರ್ಮಕ್ಕೆ ಉರಿ ಗೊತ್ತಾಗಲಿಲ್ಲ. ರಾತ್ರಿ ಪ್ಯಾಂಟು ಮಡಚಿದಾಗ ಮೊಣಕಾಲುಗಳೆರಡೂ ಕೆಂಡದಂತಾಗಿದ್ದವು. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ. ನೆನೆದ ಬಟ್ಟೆಯನ್ನು ಕೂಡಲೇ ತೆಗೆದು ಸಾಕಷ್ಟು ನೀರಿನಿಂದ ತೊಳೆಯಬೇಕು. ಎಲ್ಲರಿಗೂ ಕೈಗವಸು ತಂದಿದ್ದೆ, ಮೊಣಕಾಲಿನ ವಿಚಾರ ನನ್ನ ತಲೆಗೆ ಹೊಳೆದಿರಲಿಲ್ಲ. ಆ ಗಾಯದ ಕಲೆ ನೋಡಿದಾಗಲೆಲ್ಲ ಈಗಲೂ ಮನಸ್ಸು ಕುಗ್ಗುತ್ತದೆ.

ಹುಲ್ಲು, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಟಾರ್ಪಾಲಿನ್ ಹೊದಿಸಿ, ಮೂರು ಕಡೆ ಒಳಗೆ ಥರ್ಮಾಮೀಟರ್ ಇಟ್ಟೆವು. ಹೊರಗೆ ಸೊನ್ನೆಗಿಂತ 4 ಡಿಗ್ರಿ ಕೆಳಗೆ. ಹೊದಿಕೆಯೊಳಗೆ 9. ಆ ಅಂಕಿಯನ್ನು ಟಾರ್ಚಿನ ಬೆಳಕಿನಲ್ಲಿ ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ನಾವು ಕಲಸಿದ ಆ ಬೂದು ರಾಶಿ ಕತ್ತಲಲ್ಲಿ ಒಬ್ಬಂಟಿಯಾಗಿ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಕಾವಲಿಗಿದ್ದವನ ಕೂಗಿಗೆ ಎಲ್ಲರೂ ಎದ್ದು ಓಡಿದೆವು. ಈಶಾನ್ಯದ ಮೂಲೆಯ ಟಾರ್ಪಾಲಿನ್ ಬಾವುಟದಂತೆ ಬಡಿದುಕೊಳ್ಳುತ್ತಿತ್ತು, ಹುಲ್ಲು ಹಾರಿಹೋಗಿತ್ತು. ಅಲ್ಲಿನ ಥರ್ಮಾಮೀಟರ್ 2 ತೋರಿಸುತ್ತಿತ್ತು. ಮೊಣಕಾಲು ಸುಟ್ಟುಕೊಂಡಿದ್ದ ಗೆಳೆಯ, ಮಲಗಿರೆಂದು ಹೇಳಿದರೂ ಕೇಳದೆ ಬಂದವನು, ಟಾರ್ಪಾಲಿನ್ನಿನ ಅಂಚಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟ. ಉಳಿದವರು ಇಟ್ಟಿಗೆ ಹೊತ್ತು ತಂದು ಅಂಚಿನುದ್ದಕ್ಕೂ ಪೇರಿಸಿದೆವು. ಒಳಗೆ ಒಲೆ ಇಡೋಣವೆಂದು ಯಾರೋ ಅಂದರು. ಬೆಂಕಿಯ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹಸಿ ಕಾಂಕ್ರೀಟಿನ ಮೇಲ್ಮೈಯನ್ನು ಪುಡಿಪುಡಿ ಮಾಡುತ್ತದೆ, ಟಾರ್ಪಾಲಿನ್ ಹೊತ್ತಿಕೊಳ್ಳುವ ಭಯ ಬೇರೆ. ಅದರ ಬದಲು ಡಬ್ಬಗಳಿಗೆ ಬಿಸಿನೀರು ತುಂಬಿ ಹುಲ್ಲಿನ ನಡುವೆ ಇಟ್ಟೆವು. ಗಂಟೆಗೊಮ್ಮೆ ಬದಲಿಸುತ್ತ ಬೆಳಗಿನವರೆಗೂ ಇದೇ ಕೆಲಸ. 2 ಇದ್ದದ್ದು 4 ಆಯಿತು, ನಾಲ್ಕೂವರೆಯ ಹೊತ್ತಿಗೆ 6.

ಹೊದಿಕೆಯನ್ನು ಐದು ದಿನ ತೆಗೆಯಲಿಲ್ಲ. ಅಷ್ಟರಲ್ಲಿ ನಾಲ್ವರು ಊರಿಗೆ ಮರಳಿದ್ದರು. ಆರನೆಯ ಬೆಳಿಗ್ಗೆ ಸುತ್ತಿಗೆ ಹಿಡಿದು ತೊಲೆಯ ಉದ್ದಕ್ಕೂ ತಟ್ಟುತ್ತ ಹೋದೆವು. ಮೂರು ಮೂಲೆಗಳು ಗಟ್ಟಿಯಾಗಿ ಠಣ್ ಎಂದವು. ನಾಲ್ಕನೆಯದರ ಅಂಚಿನಲ್ಲಿ ಅಂಗೈಯಗಲ ಜಾಗ ಮಂಕಾದ ಸದ್ದು ಕೊಟ್ಟಿತು. ಉಳಿಯಿಂದ ಕೆದಕಿದರೆ ಬೂದಿಯಂತೆ ಉದುರಿತು. ಒಂದು ಸೆಂಟಿಮೀಟರ್ ಆಳ ಹೋಗುವಷ್ಟರಲ್ಲಿ ಉಳಿ ಗಟ್ಟಿಗೆ ತಗುಲಿ ಹಿಂದಕ್ಕೆ ಪುಟಿಯಿತು.

ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದ ಗೆಳೆಯ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು, ಆ ಕುಳಿಯ ತಳಕ್ಕೆ ತಾನೇ ಒಮ್ಮೆ ಬಡಿದು, ಕಿವಿಗೊಟ್ಟು ಕೇಳಿದ. ಇನ್ನೊಮ್ಮೆ ಬಡಿದ. ಆಮೇಲೆ ಎದ್ದು ಇಟ್ಟಿಗೆಯ ರಾಶಿಯ ಕಡೆಗೆ ನಡೆದ.